ಎಮ್ಮೆ ತಾನಾಗಿ ಕೂಗಲಿಲ್ಲ

ಇದನ್ನು ಬರೆಯುವುದನ್ನು ಮುಂದೂಡುತ್ತಲೇ ಬಂದಿದ್ದೇನೆ. ಕೆಲಸದಲ್ಲಿದ್ದಾಗ ರಿಟೈರ್ ಆಗಲಿ ನೋಡೋಣ ಅಂದುಕೊಂಡೆ. ರಿಟೈರ್ ಆದ ಮೇಲೆ ಮಗಳ ಮದುವೆ ಮುಗಿಯಲಿ ಅಂದೆ. ಆಮೇಲೆ ಕಣ್ಣಿನ ಪೊರೆಯ ಆಪರೇಷನ್ ಒಂದು ನೆಪವಾಯಿತು. ಈಗ ಕಣ್ಣು ಚೆನ್ನಾಗಿದೆ, ಕೈ ನಡುಗುವುದಿಲ್ಲ, ನೆಪಗಳೂ ಮುಗಿದಿವೆ. ಜೊತೆಗೆ ಮೊನ್ನೆ ಒಂದು ಬೋರ್ಡ್ ಓದಿದೆ. ಅದನ್ನು ಓದಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಗೂಡ್ಸ್ ಗಾಡಿ ಎಳೆಯುತ್ತಿದ್ದ ಹಳೆಯ ಉಗಿ ಇಂಜಿನ್ ಒಂದನ್ನು ಗುಜರಿಗೆ ಹಾಕದೆ ಉಳಿಸಿ, ಒಂದು ಕಚೇರಿಯ ಮುಂದೆ ಕಟ್ಟೆ ಕಟ್ಟಿ ನಿಲ್ಲಿಸಿದ್ದಾರೆ. ಮೈಗೆಲ್ಲ ಹೊಸ ಕರಿ ಬಣ್ಣ, ಚಕ್ರಗಳಿಗೆ ಬಿಳಿ ಅಂಚು, ಸುತ್ತ ಹುಲ್ಲು, ಹುಲ್ಲಿನ ಸುತ್ತ ಸರಪಳಿ. ನಾನು ಅದರ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವನು ಅಂತ ಯಾರೋ ಹೇಳಿ, ಅಲ್ಲಿಯ ಯುವ ಅಧಿಕಾರಿಯೊಬ್ಬರು ನನ್ನನ್ನು ಕರೆಸಿದ್ದರು. ಬೋರ್ಡಿನ ಮೊದಲ ಸಾಲುಗಳು ಸರಿಯಾಗಿಯೇ ಇದ್ದವು. ಯುದ್ಧದ ಕಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂತು, ಬೆಂಗಳೂರಿಗೂ ಜೋಲಾರಪೇಟೆಗೂ ನಡುವೆ ಸರಕು ಎಳೆಯಿತು, ಹೀಗೆ. ಕೊನೆಯ ಸಾಲಿನಲ್ಲಿ ಹೀಗೆ ಬರೆದಿದ್ದರು: ತನ್ನ ಡ್ರೈವರ್ ಸತ್ತ ದಿನ ಈ ಇಂಜಿನ್ ಬೈಯಪ್ಪನಹಳ್ಳಿಯ ತಿರುವಿನಲ್ಲಿ, ಯಾರೂ ಮುಟ್ಟದೆ, ತಾನಾಗಿಯೇ ಕೂಗಿತು ಎಂದು ಜನ ನಂಬುತ್ತಾರೆ.

“ಈ ಸಾಲು ತೆಗೀರಿ,” ಅಂದೆ.

“ಅಯ್ಯೋ ಯಾಕೆ ತಾತ? ಎಲ್ಲರೂ ಓದೋದೇ ಅದನ್ನ.”

“ಅದು ಸುಳ್ಳು.”

“ಜನ ನಂಬ್ತಾರೆ ಅಂತ ತಾನೆ ಹಾಕಿರೋದು? ನಿಜ ಅಂತ ಹಾಕಿಲ್ವಲ್ಲ,” ಅಂತ ನಕ್ಕರು. ಆಮೇಲೆ ನನಗೆ ಒಂದು ಶಾಲು ಹೊದಿಸಿ ಕಾಫಿ ಕೊಟ್ಟರು. ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಬಂದೆ. ಬೋರ್ಡನ್ನು ಅವರು ತೆಗೆಯದಿದ್ದರೆ ಬೇಡ. ಆ ಇಂಜಿನ್ನಿನ ಚರಿತ್ರೆಯನ್ನು ನಾನೇ ಬರೆಯುತ್ತೇನೆ. ಕಬ್ಬಿಣ ತಾನಾಗಿ ಕೂಗುವುದಿಲ್ಲ. ವಿಸಿಲ್ಲಿನ ಹಗ್ಗ ಎಳೆದ ಕೈ ಯಾವುದೆಂದು ನನಗೆ ಗೊತ್ತು, ಯಾಕೆಂದರೆ ಈಗ ಪೆನ್ನು ಹಿಡಿದಿರುವುದೂ ಅದೇ ಕೈ.

ನಮ್ಮೂರು ತಿಪ್ಪಸಂದ್ರ. ಆಗ ಇನ್ನೂ ಹಳೇ ತಿಪ್ಪಸಂದ್ರ, ಹೊಸ ತಿಪ್ಪಸಂದ್ರ ಅಂತ ಭೇದ ಇರಲಿಲ್ಲ, ಇದ್ದದ್ದು ರಾಗಿ ಹೊಲ, ಒಂದು ನೀರಿನ ಕುಂಟೆ, ಮೇಲೆ ಹಾರುವ ವಿಮಾನಗಳ ಸದ್ದು. ನಮ್ಮಪ್ಪ ಹೊಟ್ಟೆ ಬಟ್ಟೆ ಕಟ್ಟಿ ನನ್ನನ್ನು ಕಂಟೋನ್ಮೆಂಟಿನ ಹೈಸ್ಕೂಲಿಗೆ ಕಳಿಸಿದ್ದ. ಪಾಸಾದ ಮಗ ಯಾವುದಾದರೂ ಆಫೀಸಿನಲ್ಲಿ ಕೂರುತ್ತಾನೆ ಅಂದುಕೊಂಡಿದ್ದ. ನಾನು ಹೋಗಿ ಇಂಜಿನ್ ಶೆಡ್ಡಿಗೆ ಸೇರಿದೆ. “ಸಲಿಕೆ ಹಿಡಿಯೋಕೆ ನಿನಗೆ ಇಂಗ್ಲಿಷ್ ಬೇಕಿತ್ತೇನೋ?” ಅಂದವನು ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ನಾನೂ ಬಿಟ್ಟೆ. ನನಗೆ ಹೇಳಿದ್ದಕ್ಕೆ ಎದುರು ಮಾಡುವುದರಲ್ಲಿ ಮೊದಲಿಂದಲೂ ಒಂದು ಸುಖವಿತ್ತು. ಈ ಕಥೆಯ ಬೇರು ಅಲ್ಲೇ ಇದೆ.

ಆ ಇಂಜಿನ್ ಬಿಡಿಬಿಡಿಯಾಗಿ ಬಂದು, ಜೋಡಣೆಯಾಗಿ ನಮ್ಮ ಶೆಡ್ಡಿಗೆ ಬಂದಾಗ ಎಲ್ಲರೂ ಸುತ್ತ ನಿಂತು ನೋಡಿದ್ದೆವು. ಅದುವರೆಗೆ ನಾವು ಕಂಡದ್ದು ಇಂಗ್ಲೆಂಡಿನ ಇಂಜಿನ್‌ಗಳು. ಅವು ಅಚ್ಚುಕಟ್ಟು, ಕೊಳವೆಗಳೆಲ್ಲ ಒಳಗೇ ಅಡಗಿರುತ್ತಿದ್ದವು. ಇದರದ್ದೆಲ್ಲ ಹೊರಗೇ, ಬಡಕಲು ದನದ ಪಕ್ಕೆಲುಬಿನ ಹಾಗೆ. ಆದರೆ ಬಲ ಭಾರಿ, ನಡಿಗೆ ನಿಧಾನ, ಎಷ್ಟು ನೀರು ಕೊಟ್ಟರೂ ಸಾಲದು. ಮೊದಲ ದಿನವೇ ಹೆಸರು ಬಿತ್ತು: ಎಮ್ಮೆ. ಅದರ ಕೂಗೂ ಹಾಗೇ ಇತ್ತು. ಬೇರೆ ಇಂಜಿನ್‌ಗಳು ಕಿರುಚುತ್ತಿದ್ದವು. ಇದು ಒಂದೇ ಬಾಯಲ್ಲಿ ಎರಡು ಮೂರು ಸ್ವರ ಹೊರಡಿಸಿ, ಕೆರೆಯ ಆಚೆಯಿಂದ ಕರುವನ್ನು ಕರೆಯುವ ಹಾಗೆ ಕೂಗುತ್ತಿತ್ತು. ಆ ದಾರಿಯಲ್ಲಿ ಅಂಥ ದನಿ ಇದ್ದದ್ದು ಅದೊಂದಕ್ಕೇ.

ಅದರ ಡ್ರೈವರ್ ಹಲಸೂರಿನವನು. ನಾವೆಲ್ಲ ಡ್ರೈವರಣ್ಣ ಅನ್ನುತ್ತಿದ್ದೆವು. ಆತನ ಮನೆ ಬೈಯಪ್ಪನಹಳ್ಳಿಯ ಲೆವೆಲ್ ಕ್ರಾಸಿಂಗ್ ಗೇಟಿನ ಹತ್ತಿರ, ಹೊಲಗಳ ನಡುವಿನ ಒಂದು ವಠಾರದಲ್ಲಿ. ಆತನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಿದ್ದ ಆ ದಿನಗಳಲ್ಲಿ ನನ್ನ ಊಟ ಹೆಚ್ಚಾಗಿ ಅವರ ಮನೆಯಲ್ಲೇ.

ಆಗ ಅಕ್ಕಿ ರೇಷನ್ ಆಗಿತ್ತು. ಕೊಡುವುದೇ ಕಡಿಮೆ, ಅದರಲ್ಲೂ ಕಲ್ಲು. ಅಕ್ಕ ಒಬ್ಬಳೇ ಇದ್ದರೆ ಮುದ್ದೆಯಲ್ಲೇ ಮುಗಿಸುತ್ತಿದ್ದಳು. ಗಂಡ ಬರುವ ದಿನಕ್ಕೆ ಮಾತ್ರ ಅನ್ನ. ಆದರೆ ಗೂಡ್ಸ್ ಗಾಡಿಗೆ ಹೊತ್ತುಗೊತ್ತು ಎಲ್ಲಿಯದು? ಮಿಲಿಟರಿ ಗಾಡಿ ಬಂದರೆ ನಮ್ಮನ್ನು ಪಕ್ಕಕ್ಕೆ ತಳ್ಳಿ ಅರ್ಧ ದಿನ ನಿಲ್ಲಿಸುತ್ತಿದ್ದರು. ಮಾಡಿಟ್ಟ ಅನ್ನ ಹಳಸಿದರೆ ಕರುಳು ಕಿತ್ತು ಬಂದಂತಾಗುತ್ತಿತ್ತು. ಅದಕ್ಕೆ ಗಂಡ ಹೆಂಡತಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಗೇಟಿನ ತಿರುವಿನಲ್ಲಿ ಡ್ರೈವರಣ್ಣ ತನ್ನದೇ ಒಂದು ಕೂಗು ಕೂಗುತ್ತಿದ್ದ: ಒಂದು ಉದ್ದ, ಎರಡು ಗಿಡ್ಡ, ಕೊನೆಗೆ ಎಳೆದು ಎಳೆದು ಕ್ಷೀಣವಾಗುವ ಒಂದು ಬಾಲ. ಅದು ಕೇಳಿದರೆ ಅಕ್ಕ ಎಸರಿಗಿಡುತ್ತಿದ್ದಳು. ಗಾಡಿ ಮುಟ್ಟಿಸಿ, ಇಂಜಿನ್ ಶೆಡ್ಡಿಗೆ ಬಿಟ್ಟು, ಸೈಕಲ್ಲಿನಲ್ಲಿ ನಾವು ಬರುವ ಹೊತ್ತಿಗೆ ಅಡುಗೆ ಸಿದ್ಧ.

ಏರ್ಪಾಡಿನ ಇನ್ನೊಂದು ಅರ್ಧವೂ ಇತ್ತು. ಎಮ್ಮೆ ಬಂದು, ಕೂಗದೆ ಹೋದರೆ, ಏನೋ ಆಗಿದೆ ಅಂತ ಲೆಕ್ಕ. ಆಗ ಅಕ್ಕ ಮನೆಗೆ ಬೀಗ ಹಾಕಿ ನೇರ ಕಂಟೋನ್ಮೆಂಟ್ ಸ್ಟೇಷನ್ನಿಗೆ ಬರಬೇಕು. ಹಾಗೆ ಒಂದು ಸಲವೂ ಆಗಿರಲಿಲ್ಲ.

ಅಷ್ಟರಲ್ಲಿ ಒಂದು ಆರ್ಡರ್ ಬಂತು. ಆ ತಿರುವಿನ ಸಮೀಪ ಗಾಯಗೊಂಡ ಸಿಪಾಯಿಗಳನ್ನು ಇರಿಸಿದ್ದರು. ಗೇಟಿನವನು ಹಸಿರು ಬಾವುಟ ತೋರಿಸಿದರೆ ಸಾಕು, ಅಲ್ಲಿ ಯಾರೂ ವಿಸಿಲ್ ಹಾಕಬಾರದು ಅಂತ. ಎಲ್ಲರೂ ಪಾಲಿಸಿದರು. ಡ್ರೈವರಣ್ಣ ಪಾಲಿಸಲಿಲ್ಲ. ಶೆಡ್ಡಿನ ಫೋರ್‌ಮನ್ ಅವನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದ. ಆ ಮನುಷ್ಯ ಒಂದೇ ಉಸಿರಿನಲ್ಲಿ ಮೂರು ಭಾಷೆ ಆಡುತ್ತಿದ್ದ.

“ವಾಟ್ ಮ್ಯಾನ್, ಪೊಂಡಾಟಿಗೆ ವಿಸಿಲ್ಲಾ? ಇದು ಸರ್ಕಾರದ ಇಂಜಿನ್ನಾ, ನಿಮ್ಮ ಮಾವನ ಮನೆ ನಾದಸ್ವರಾನಾ?”

“ಕಲ್ಲಿದ್ದಲು ನಿಮ್ದು, ನೀರು ನಿಮ್ದು, ಹಬೇನೂ ನಿಮ್ದೇ ಸಾರ್,” ಅಂದ ಡ್ರೈವರಣ್ಣ. “ಹೆಂಡ್ತಿ ಮಾತ್ರ ನನ್ನೋಳು.”

ಶೆಡ್ಡಿನ ಖಲಾಸಿಗಳು ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕರು. ಫೋರ್‌ಮನ್ ಮುಖ ಕೆಂಪಾಯಿತು.

“ಅವಳಿಗೆ ಹೇಳಿಬಿಡು, ಇನ್ಮೇಲೆ ವಿಸಿಲ್ ಇಲ್ಲ ಅಂತ.”

“ಸುಮ್ಮನೆ ಹೋದ್ರೆ ನಾನು ಸತ್ತೆ ಅಂತ ಓಡಿ ಬರ್ತಾಳೆ ಸಾರ್. ಗಂಡ ಬದುಕಿದ್ದಾನೆ ಅಂತ ಹೇಳೋದೂ ತಪ್ಪಾ?”

ಅದಕ್ಕೆ ಅವನನ್ನು ಎಮ್ಮೆಯಿಂದ ಇಳಿಸಿ ಯಾರ್ಡಿನಲ್ಲಿ ಡಬ್ಬಿಗಳನ್ನು ಹಿಂದೆ ಮುಂದೆ ತಳ್ಳುವ ಕೆಲಸಕ್ಕೆ ಹಾಕಿದರು. ಹಿರಿಯ ಡ್ರೈವರನಿಗೆ ಅದು ಕೆನ್ನೆಗೆ ಹೊಡೆದಂತೆ. ಆದರೂ ಮಾಡಿದ. ಗಾಡಿಗಳು ಹೆಚ್ಚಿ ಡ್ರೈವರುಗಳು ಸಾಲದೆ ಬಂದಾಗ ಅವರೇ ಅವನನ್ನು ವಾಪಸ್ ಕರೆದರು. ಮೊದಲ ದಿನವೇ ತಿರುವಿನಲ್ಲಿ ಹಗ್ಗ ಹಿಡಿದ. ಆ ದಿನದ ಬಾಲ ಕೃಷ್ಣರಾಜಪುರದವರೆಗೆ ಕೇಳಿಸಿರಬೇಕು. ಬೆಂಕಿಯ ಮುಂದೆ ನಿಂತಿದ್ದ ನನಗೆ ಮೈ ಝುಮ್ಮೆಂದಿತು. ಇವನ ಹಾಗೆ ಬದುಕಬೇಕು ಅಂದುಕೊಂಡೆ. ಈಗಲೂ ಹೇಳುತ್ತೇನೆ, ಅವನು ಮಾಡಿದ್ದು ಸರಿ. ಗಾಯದ ಸಿಪಾಯಿಗಳಿಗೆ ತೊಂದರೆ ಆಯಿತೇ ಅಂದರೆ ಆಗಿರಬಹುದು. ಆದರೂ ಸರಿ. ಯಾರದೋ ಯುದ್ಧಕ್ಕೆ ನಮ್ಮ ಅಕ್ಕಿ ಹೋಯಿತು, ನಮ್ಮ ನಿದ್ದೆ ಹೋಯಿತು. ಒಂದು ಕೂಗನ್ನು ಅವನು ಬಿಟ್ಟುಕೊಡಲಿಲ್ಲ.

ನಾನು ಅವನಿಂದ ಕೂಗುವುದನ್ನು ಕಲಿತೆ. ಯಾವಾಗ ಸುಮ್ಮನಿರಬೇಕು ಎಂಬುದನ್ನು ಕಲಿಯಲಿಲ್ಲ.

ಆ ದಿನ ಜೋಲಾರಪೇಟೆಯಿಂದ ಭರ್ತಿ ಗಾಡಿ ಎಳೆದು ಬರುತ್ತಿದ್ದೆವು. ಏರು ಮುಗಿದ ಮೇಲೆ ಡ್ರೈವರಣ್ಣ ಎದೆ ಹಿಡಿದುಕೊಂಡು ಕುಳಿತ. ಮೈಯೆಲ್ಲ ಬೆವರು. ಬಂಗಾರಪೇಟೆಯಲ್ಲಿ ಇಳಿಸಿ ರೈಲ್ವೆ ಡಾಕ್ಟರ ಹತ್ತಿರ ಮಲಗಿಸಿದೆವು. ನಮ್ಮ ಜೊತೆಗಿದ್ದ ಎರಡನೇ ಫೈರ್‌ಮನ್ ಅವನ ಹತ್ತಿರ ಉಳಿದ. ಅಲ್ಲೇ ಇದ್ದ ಜೋಲಾರಪೇಟೆಯ ಒಬ್ಬ ಡ್ರೈವರನನ್ನು ನಮ್ಮ ಗಾಡಿಗೆ ಹಾಕಿದರು. ನಾನು ಹೊರಡುವಾಗ ಡ್ರೈವರಣ್ಣ ನನ್ನ ಮಣಿಕಟ್ಟು ಹಿಡಿದ. ಮಾತು ತುಂಡು ತುಂಡಾಗಿ ಬರುತ್ತಿತ್ತು.

“ತಿರುವಲ್ಲಿ ಕೂಗ್ಬೇಡ. ತಿಳೀತಾ? ಸುಮ್ಮನೆ ಹೋಗು. ಅವಳೇ ಸ್ಟೇಷನ್‌ಗೆ ಬರ್ತಾಳೆ. ಪ್ಯಾಸೆಂಜರ್ ಹತ್ಸಿ ಕಳ್ಸು.”

“ಆಯ್ತಣ್ಣ.”

“ಕೂಗ್ಬೇಡ,” ಅಂದ ಮತ್ತೆ.

ಕಂಟೋನ್ಮೆಂಟಿನಿಂದ ಬಂಗಾರಪೇಟೆ ಕಡೆಗೆ ಮಧ್ಯಾಹ್ನದ ನಂತರ ಒಂದು ಪ್ಯಾಸೆಂಜರ್ ಹೋಗುತ್ತಿತ್ತು. ಅದು ತಪ್ಪಿದರೆ ಮತ್ತೆ ಮರುದಿನ ಬೆಳಿಗ್ಗೆಯೇ. ನಾವು ಹೊರಟ ಹೊತ್ತಿಗೆ ಸಮಯ ಸಾಕಷ್ಟಿತ್ತು. ನಾನು ಮಾಡಬೇಕಾದದ್ದು ಏನೂ ಇರಲಿಲ್ಲ. ನಿಜವಾಗಿ ಏನೂ ಇರಲಿಲ್ಲ. ಕೈ ಕಟ್ಟಿಕೊಂಡು ನಿಂತಿದ್ದರೆ ಸಾಕಿತ್ತು.

ಹೊಸ ಡ್ರೈವರನಿಗೆ ನಮ್ಮ ಶೆಡ್ಡಿನ ಕಥೆಗಳೆಲ್ಲ ಗೊತ್ತಿದ್ದವು. ದಾರಿಯುದ್ದಕ್ಕೂ ಬಾಯಿ ಆಡಿಸುತ್ತಲೇ ಬಂದ. ಕೃಷ್ಣರಾಜಪುರ ದಾಟಿ ತಿರುವಿನ ಹತ್ತಿರ ಬರುತ್ತಿದ್ದಂತೆ ಹಸಿರು ಬಾವುಟ ಕಂಡಿತು.

“ಇಲ್ಲೇ ಅಲ್ವಾ ನಿಮ್ಮೋನು ಊಳಿಡ್ತಿದ್ದದ್ದು?” ಅಂದ. “ನೋಡಿದ್ಯಾ ಮಗಾ, ದೇವರೇ ಅವನ ಬಾಯಿ ಮುಚ್ಚಿಸ್ದ. ಇನ್ನು ನೀನೂ ಬಾಲ ಮುದುರಿಕೊಂಡು ಬೆಂಕಿ ಹಾಕು.”

ನಾನು ಸಲಿಕೆ ಕೆಳಗಿಟ್ಟೆ. ಹಗ್ಗ ಕ್ಯಾಬಿನ್ನಿನ ಚಾವಣಿಯಡಿ ಅಡ್ಡಕ್ಕೆ ಕಟ್ಟಿತ್ತು, ಎರಡೂ ಕಡೆಯಿಂದ ಕೈಗೆ ಸಿಗುತ್ತಿತ್ತು. ಎಳೆದೆ. ಒಂದು ಉದ್ದ. ಎರಡು ಗಿಡ್ಡ. ಅವನು ನನ್ನ ತೋಳು ಹಿಡಿದು ಜಗ್ಗುತ್ತಿದ್ದರೂ ಬಿಡದೆ ಬಾಲವನ್ನೂ ಪೂರ್ತಿ ಎಳೆದೆ. ಡ್ರೈವರಣ್ಣನದೇ ಕೂಗು, ಎಲ್ಲೂ ಹೆಚ್ಚು ಕಡಿಮೆ ಇಲ್ಲ. ಎದೆ ಉಬ್ಬಿತ್ತು. ಅವನ ಮಾನ ಉಳಿಸಿದೆ ಅನ್ನಿಸಿತ್ತು. ವಠಾರದ ಹೆಂಚುಗಳು ಹಿಂದೆ ಸರಿದು ಮರೆಯಾದ ಮೇಲೂ ನನಗೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಕಂಟೋನ್ಮೆಂಟಿನಲ್ಲಿ. ನಮ್ಮನ್ನು ಪಕ್ಕದ ಲೈನಿನಲ್ಲಿ ನಿಲ್ಲಿಸಿದ್ದರು. ಎದುರು ಪ್ಲಾಟ್‌ಫಾರಂನಲ್ಲಿ ಪ್ಯಾಸೆಂಜರ್ ನಿಂತಿತ್ತು. ಅಕ್ಕ ಬಂದು ನಿಂತಿರಬೇಕಾದ ಸ್ಟೇಷನ್ನಿನ ಗೇಟಿನ ಕಡೆ ನೋಡಿದೆ. ಮೊಟ್ಟೆ ಬುಟ್ಟಿಯವರು, ಇಬ್ಬರು ಸಿಪಾಯಿಗಳು, ಒಬ್ಬ ಜಟಕಾದವನು. ಅವಳು ಬರುವುದಿಲ್ಲ ಅಂತ ಆಗ ತಿಳಿಯಿತು. ಅವಳು ಈಗ ಅಕ್ಕಿ ಆರಿಸುತ್ತಿದ್ದಾಳೆ.

“ಸ್ವಲ್ಪ ಹೋಗಿ ಬರ್ತೀನಿ. ಅವರ ಮನೆಗೆ ಸುದ್ದಿ ಮುಟ್ಟಿಸ್ಬೇಕು,” ಅಂದೆ.

“ಬೆಂಕಿ ಯಾರು ನೋಡ್ಕೋತಾರೆ, ನಿಮ್ಮಪ್ಪನಾ? ಕಾಲು ಕೆಳಗಿಟ್ಟೆ ಅಂದ್ರೆ ಕೆಲಸ ಹೋಯ್ತು ಅಂತ ತಿಳ್ಕೊ. ವಿಸಿಲ್ಲಿಂದು ಬೇರೆ ಹೇಳ್ತೀನಿ.”

ಇಳಿಯಬಹುದಾಗಿತ್ತು. ಓಡಬಹುದಾಗಿತ್ತು. ಒಬ್ಬ ಪೋರ್ಟರನನ್ನು ಕೂಗಿ ಕರೆದು ಜಟಕಾ ಹತ್ತಿಸಿ ಕಳಿಸಬಹುದಾಗಿತ್ತು. ಹಗ್ಗ ಎಳೆಯುವಷ್ಟು ಧೈರ್ಯ ಇದ್ದವನಿಗೆ ಕಾಲು ಕೆಳಗಿಡುವಷ್ಟು ಇರಲಿಲ್ಲ. ಅಪ್ಪನಿಗೆ ಎದುರಾಡಿ ಹಿಡಿದ ಕೆಲಸ, ಅದನ್ನು ಕಳೆದುಕೊಂಡು ಅವನ ಮುಂದೆ ಹೋಗಿ ನಿಲ್ಲಲು ನನಗೆ ಆಗುತ್ತಿರಲಿಲ್ಲ. ಪ್ಯಾಸೆಂಜರ್ ಹೊರಟಿತು. ಹೆಂಗಸರ ಡಬ್ಬಿ ನನ್ನ ಮುಂದೆಯೇ ಹಾದು ಹೋಯಿತು. ನಾನು ಬೆಂಕಿಗೆ ಕಲ್ಲಿದ್ದಲು ಹಾಕಿದೆ.

ಶೆಡ್ಡಿನಿಂದ ಬಿಡುಗಡೆಯಾಗಿ ವಠಾರಕ್ಕೆ ಹೋಗುವಾಗ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನನ್ನ ಹಿಂದೆ ನೋಡಿದಳು.

“ಏನೋ, ನೀನೊಬ್ಬನೇ? ನಿಮ್ಮಣ್ಣ ಎಲ್ಲಿ? ಬೀಡಿ ಅಂಗಡೀಲಿ ನಿಂತ್ರಾ?”

ಹೇಳಿದೆ. ಎದೆನೋವು, ಬಂಗಾರಪೇಟೆ, ಡಾಕ್ಟರು ಇದ್ದಾರೆ, ಹೆದರಬೇಡ ಅಂತ. ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಪ್ಯಾಸೆಂಜರ್ ಹೋಗಿರಬೇಕಲ್ಲವೇ ಅಂತ ಕೇಳಿದಳು. ಹೋಯಿತು ಅಂದೆ. ಎದ್ದು ಒಳಗೆ ಹೋಗಿ ತಟ್ಟೆ ತಂದಿಟ್ಟಳು.

“ಬೇಡ ಅಕ್ಕ.”

“ಉಣ್ಣೋ. ರೇಷನ್ ಅಕ್ಕಿ ಚೆಲ್ಲೋಕಾಗುತ್ತಾ?”

ಕೆಂಡದ ಮೇಲೆ ಬಿಸಿ ಆರದಂತೆ ಇಟ್ಟಿದ್ದ ಅನ್ನ, ಮೇಲೆ ಹುಳಿ. ಮೊದಲ ತುತ್ತು ಬಾಯಲ್ಲಿದ್ದಾಗ ಕೇಳಿದಳು:

“ಅವರು ಗಾಡೀಲಿ ಇರ್ಲಿಲ್ಲ ಅಂದ್ರೆ, ಕೂಗಿದ್ದು ಯಾರು?”

ಅವಳ ಮುಖದಲ್ಲಿ ಅನುಮಾನ ಇರಲಿಲ್ಲ. ನಾನು ಏನು ಹೇಳಿದರೂ ನಂಬುವವಳ ಹಾಗೆ ಕೇಳಿದಳು.

“ಕೂಗಾ?” ಅಂದೆ. “ಯಾರೂ ಕೂಗ್ಲಿಲ್ಲ ಅಕ್ಕ.”

“ನಾನು ಕೇಳ್ದೆ. ವಠಾರಕ್ಕೆಲ್ಲ ಕೇಳ್ತು.”

“ಇಲ್ಲ. ಹಗ್ಗ ಯಾರೂ ಮುಟ್ಟಿಲ್ಲ.”

ಅನ್ನವನ್ನು ಪೂರ್ತಿ ಉಂಡೆ. ಅದನ್ನೂ ಬರೆಯಬೇಕು. ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಮರುದಿನ ಬೆಳಗಿನ ಗಾಡಿಯಲ್ಲಿ ಅವಳನ್ನು ಕರೆದುಕೊಂಡು ಹೋದೆ. ಡ್ರೈವರಣ್ಣ ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೇ ಹೋಗಿಬಿಟ್ಟಿದ್ದ. ಆ ಪ್ಯಾಸೆಂಜರ್ ಅದಕ್ಕೆ ಬಹಳ ಮೊದಲೇ ಬಂಗಾರಪೇಟೆ ತಲುಪಿತ್ತು. ಅದು ಬಂದ ಸದ್ದು ಕೇಳಿ ಬಾಗಿಲ ಕಡೆ ತಿರುಗಿ ಮಲಗಿದನಂತೆ, ಬಂದಳಾ ಅಂತ ಕೇಳಿದನಂತೆ. ಹತ್ತಿರ ಇದ್ದ ಎರಡನೇ ಫೈರ್‌ಮನ್ ಇದನ್ನು ನನಗೆ ಮಾತ್ರ ಹೇಳಿದ. ನಾನು ಅಕ್ಕನಿಗೆ ಅದನ್ನೂ ಹೇಳಲಿಲ್ಲ.

ಜೋಲಾರಪೇಟೆಯ ಡ್ರೈವರ್ ಸಾವಿನ ಸುದ್ದಿ ಕೇಳಿ ವಿಸಿಲ್ಲಿನ ಮಾತು ಎತ್ತದೆ ತನ್ನ ಶೆಡ್ಡಿಗೆ ಹೋದ. ಉಳಿದದ್ದನ್ನು ವಠಾರದವರು ಮಾಡಿದರು. ಎಲ್ಲರೂ ಕೂಗು ಕೇಳಿದ್ದರು. ಫೈರ್‌ಮನ್ನೇ ಹಗ್ಗ ಮುಟ್ಟಿಲ್ಲ ಅಂದಿದ್ದಾನೆ. ಹಾಗಾದರೆ ಎಮ್ಮೆಯೇ ಕೂಗಿರಬೇಕು, ಇಲ್ಲವೆ ಅವನ ಜೀವ ಬಂದು ಹೆಂಡತಿಯನ್ನು ಕರೆದಿರಬೇಕು. ಮಧ್ಯಾಹ್ನದ ಕೂಗನ್ನು ಸಂಜೆಯ ಸಾವಿಗೆ ಗಂಟು ಹಾಕಿದರು. ಹಲಸೂರಿನಿಂದ, ಶಿವಾಜಿನಗರದ ಮಾರ್ಕೆಟ್ಟಿನಿಂದ ಹೆಂಗಸರು ಬಂದು ಅಕ್ಕನ ಕೈ ಮುಟ್ಟಿ ಹೋಗುತ್ತಿದ್ದರು. ಆ ವರ್ಷದ ಆಯುಧಪೂಜೆಗೆ ಅವಳೇ ಒಂದು ಬೂದುಗುಂಬಳಕಾಯಿ ಹೊತ್ತು ಶೆಡ್ಡಿಗೆ ಬಂದಳು. ಎಮ್ಮೆಯ ಮುಂದಿನ ಉಕ್ಕಿನ ಬಫರಿಗೆ ಕೈಯಿಟ್ಟು ನನಗೆ ಹೇಳಿದಳು:

“ಹೋಗೋ ಮುಂಚೆ ನನ್ನ ಕರೆದ್ರು ಕಣೋ. ಅಷ್ಟು ಸಾಕು ನನಗೆ.”

ನಾನು ಕಾಯಿ ಒಡೆದು ಕುಂಕುಮ ಹಚ್ಚಿದೆ.

ಈ ಮಾತನ್ನು ಎಷ್ಟೋ ವರ್ಷದ ಮೇಲೆ ನನ್ನ ಹೆಂಡತಿಗೆ ಮಾತ್ರ ಹೇಳಿದ್ದೆ. “ಬಿಡಿ, ಅವರಿಗೆ ಒಂದು ಸಮಾಧಾನ ಕೊಟ್ಟಿರಿ,” ಅಂದಳು. ಒಳ್ಳೆಯ ಮನಸ್ಸಿನಿಂದ ಅಂದದ್ದು. ನಾನು ಅದನ್ನು ಒಪ್ಪುವುದಿಲ್ಲ. ಅವಳಿಗೆ ಸಿಗಬೇಕಾಗಿದ್ದದ್ದು ಸಮಾಧಾನವಲ್ಲ, ಗಂಡ. ಅವನ ಕೊನೆಯ ಒಂದೆರಡು ಗಂಟೆ. ಅದನ್ನು ಕಿತ್ತುಕೊಂಡು ಅದರ ಜಾಗದಲ್ಲಿ ಒಂದು ಪವಾಡ ಇಟ್ಟೆ. ಪವಾಡಕ್ಕೆ ಈಗ ಬೋರ್ಡ್ ಹಾಕಿ, ಹುಲ್ಲು ಬೆಳೆಸಿ, ಸರಪಳಿ ಕಟ್ಟಿದ್ದಾರೆ.

ಯುದ್ಧ ಮುಗಿಯಿತು, ಸಿಪಾಯಿಗಳು ಹೋದರು, ಆರ್ಡರೂ ಹೋಯಿತು. ಆ ತಿರುವಿನಲ್ಲಿ ಎಲ್ಲರೂ ಮತ್ತೆ ಕೂಗತೊಡಗಿದರು. ನಾನೂ ಮುಂದೆ ಡ್ರೈವರ್ ಆದೆ, ಅದೇ ಎಮ್ಮೆಯನ್ನು ನಡೆಸಿದೆ. ಗೇಟಿನಲ್ಲಿ ಬಾವುಟ ಇದ್ದರೂ ಇಲ್ಲದಿದ್ದರೂ ಆ ಹಗ್ಗಕ್ಕೆ ಕೈ ಹಾಕಲಿಲ್ಲ. ಇಲ್ಲಿ ಯಾಕೆ ವಿಸಿಲ್ ಹಾಕಿಲ್ಲ ಅಂತ ಎರಡು ಸಲ ಕೇಳಿದರು. ಹಾಕಲ್ಲ, ಏನು ಬೇಕಾದರೂ ಮಾಡಿ ಅಂದೆ. ಅದನ್ನು ಪ್ರಾಯಶ್ಚಿತ್ತ ಅಂತ ಹೇಳಿಕೊಳ್ಳುವುದಿಲ್ಲ. ವಠಾರದ ಬಾಗಿಲಲ್ಲಿ ಅವಳು ನಿಂತಿರುತ್ತಿದ್ದಳು, ಕೆಲವು ಸಲ ಕೈ ಬೀಸುತ್ತಿದ್ದಳು. ಇಳಿದು ಹೋಗಿ ಒಂದು ಮಾತು ಹೇಳುವ ಬದಲು ಸುಮ್ಮನೆ ದಾಟಿ ಹೋಗುತ್ತಿದ್ದೆ, ಅಷ್ಟೆ.

ಅಧಿಕಾರಿಗಳೇ, ನಿಮ್ಮ ಬೋರ್ಡಿನ ಕೊನೆಯ ಸಾಲನ್ನು ಹೀಗೆ ತಿದ್ದಿಕೊಳ್ಳಿ: ಕೂಗಿದ್ದು ಇಂಜಿನ್ ಅಲ್ಲ, ಅದರ ಫೈರ್‌ಮನ್. ತಿದ್ದದಿದ್ದರೆ ನಾನೇ ಒಂದು ದಿನ ಸುಣ್ಣದ ಕುಂಚ ಹಿಡಿದು ಬರುತ್ತೇನೆ. ಈ ವಯಸ್ಸಿನವನನ್ನು ಹಿಡಿದುಕೊಡುವುದಾದರೆ ಹಿಡಿದುಕೊಡಿ. ಆರ್ಡರ್ ಮೀರಿದ್ದಕ್ಕೆ ನಾನು ಫೋರ್‌ಮನ್ನನ ಕ್ಷಮೆ ಕೇಳಲಿಲ್ಲ, ಕೇಳುವುದೂ ಇಲ್ಲ. ಡ್ರೈವರಣ್ಣನ ಕ್ಷಮೆಯನ್ನು ಎಮ್ಮೆಯ ಮೇಲೆ ನಿಂತಾಗಲೆಲ್ಲ ಕೇಳಿದ್ದೇನೆ, ಅವನಾದರೆ ಚೆನ್ನಾಗಿ ಬೈದು ಬಿಟ್ಟುಬಿಡುತ್ತಿದ್ದ. ಅಪ್ಪನ ಜೊತೆಗೂ ಕೊನೆಗೆ ರಾಜಿಯಾಯಿತು. ನಾನು ಕ್ಷಮೆ ಕೇಳದೆ ಉಳಿದದ್ದು ಒಬ್ಬಳನ್ನು, ಬದುಕಿದ್ದಷ್ಟು ದಿನವೂ ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದವಳನ್ನು: ಬೈಯಪ್ಪನಹಳ್ಳಿ ಗೇಟಿನ ವಠಾರದಲ್ಲಿದ್ದ ಡ್ರೈವರಣ್ಣನ ಹೆಂಡತಿಯನ್ನು, ಆ ಅನ್ನ ಬಡಿಸಿದ ನನ್ನ ಅಕ್ಕನನ್ನು.